ಅಭ್ಯಾಸದ ಪುಟದಿಂದ ಎಲ್ಲರಿಗೂ ಬೇಕಾದ ಕೆಲಸಕ್ಕೆ
ಓಪನ್ ಸೋರ್ಸ್‌ನಲ್ಲಿ ಮೊದಲ ಹೆಜ್ಜೆ ಇಡುವ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಒಂದು ಪಾಠ



ವರದಿಯ ಜಮಾ-ಖರ್ಚಿನ ಪುಟಗಳ ಜೊತೆಗೆ ಮಕ್ಕಳ ಓದಿಗೆ ಉಪಯೋಗವಾಗುವ ಒಂದು ಪಾಠವನ್ನೂ ಇಲ್ಲಿ ಕೊಡುತ್ತಿದ್ದೇವೆ. ಈ ಬಾರಿಯ ಪಾಠ ಕಂಪ್ಯೂಟರ್ ವಿಷಯ ತೆಗೆದುಕೊಂಡವರಿಗೆ. ನಂದೂರ, ಕಮಲಾಪುರ ಮತ್ತು ಕಲಬುರಗಿ ನಗರದ ಮೊಹಲ್ಲಾಗಳಿಂದ ಡಿಪ್ಲೊಮಾ, ಬಿಸಿಎ, ಬಿಇ ಸೇರಿದ ಮಕ್ಕಳ ಅರ್ಜಿಗಳನ್ನು ನಾವು ಓದುತ್ತೇವೆ. ಅಂಕಪಟ್ಟಿ ಚೆನ್ನಾಗಿರುತ್ತದೆ, ಶುಲ್ಕದ ರಸೀದಿ ಸರಿಯಾಗಿರುತ್ತದೆ. ಆದರೆ ಓದು ಮುಗಿಯುವ ಹೊತ್ತಿಗೆ ಕೆಲಸ ಕೊಡುವವರು ಕೇಳುವ ಪ್ರಶ್ನೆ ಬೇರೆ: ‘ನೀವು ಮಾಡಿದ ಕೆಲಸ ಯಾವುದು? ತೋರಿಸಿ.’

ಬೆಂಗಳೂರಿನಲ್ಲಿ ಅಣ್ಣನೋ ಮಾವನೋ ಇರುವ ಹುಡುಗನಿಗೆ ಈ ಪ್ರಶ್ನೆಗೆ ಹೇಗಾದರೂ ಒಂದು ದಾರಿ ಸಿಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಸಿಗುವುದಿಲ್ಲ. ಆಗ ‘ಇಷ್ಟು ಹಣ ಕಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ ಕೊಡುತ್ತೇವೆ’ ಎನ್ನುವವರು ಎದುರಾಗುತ್ತಾರೆ. ತಂದೆಯ ಹಲವು ದಿನಗಳ ಗಳಿಕೆ ಒಂದು ಹಾಳೆಗೆ ಹೋಗುತ್ತದೆ, ಆ ಹಾಳೆಯನ್ನು ಸಂದರ್ಶನದಲ್ಲಿ ಯಾರೂ ಎರಡು ಸಲ ನೋಡುವುದಿಲ್ಲ. ಹಣ ಕಟ್ಟದೆ, ಊರು ಬಿಡದೆ, ಯಾರು ಬೇಕಾದರೂ ತೆರೆದು ನೋಡಬಹುದಾದ ಕೆಲಸವನ್ನು ತನ್ನ ಹೆಸರಿನಲ್ಲಿ ಮಾಡುವ ದಾರಿ ಒಂದಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇವೆ.

ಓಪನ್ ಸೋರ್ಸ್ ಎಂದರೆ

ಸಾಫ್ಟ್‌ವೇರ್‌ಗೆ ಮೂಲ ಬರಹ ಒಂದಿರುತ್ತದೆ. ಅದನ್ನು ಕೋಡ್ ಎನ್ನುತ್ತೇವೆ. ಬಹಳಷ್ಟು ಕಂಪನಿಗಳು ಆ ಬರಹವನ್ನು ಮುಚ್ಚಿಡುತ್ತವೆ. ಓಪನ್ ಸೋರ್ಸ್‌ನಲ್ಲಿ ಅದು ತೆರೆದಿರುತ್ತದೆ. ಯಾರೂ ಓದಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಕೊಡಬಹುದು. ಹೇಗೆ ಕೊಡಬೇಕು ಎಂಬ ಷರತ್ತುಗಳನ್ನು ಲೈಸೆನ್ಸ್ ಎಂಬ ಕಡತ ಹೇಳುತ್ತದೆ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಲಿನಕ್ಸ್ ಬಗ್ಗೆ ಜಗತ್ತಿಗೆ ತಿಳಿಸಿದಾಗ ಅದು ಒಬ್ಬನ ಹವ್ಯಾಸದ ಕೆಲಸ. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಅದೇ ಲಿನಕ್ಸ್ ಇದೆ. ಸಾವಿರಾರು ಜನ ಸೇರಿಸುವ ಕೋಡ್ ಕಲಸಿಹೋಗದಂತೆ ಲೆಕ್ಕ ಇಡುವ ಗಿಟ್ ಎಂಬ ಸಾಧನವನ್ನೂ 2005ರಲ್ಲಿ ಅವರೇ ಬರೆದರು. ಗಿಟ್ ಬಳಸಿ ಕೋಡ್ ಇಟ್ಟುಕೊಳ್ಳುವ, ಹಂಚಿಕೊಳ್ಳುವ ಗಿಟ್‌ಹಬ್ 2008ರಲ್ಲಿ ಬಂತು.

ಇದು ದೂರದ ದೇಶದವರ ಕಥೆ ಮಾತ್ರವಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವೇ ಮುಂದೆ ನುಡಿ ತಂತ್ರಾಂಶಕ್ಕೂ ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸಕ್ಕೂ ಆಧಾರವಾಯಿತು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರ ಶೈಲಿಗಳು ಓಪನ್ ಸೋರ್ಸ್ ಆಗಿ ಬಂದು ಡೆಬಿಯನ್ ಲಿನಕ್ಸ್‌ನ ಪೊಟ್ಟಣಗಳ ಪಟ್ಟಿ ಸೇರಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇಂದಿಗೂ ಸ್ವಯಂಸೇವಕರ ಕೆಲಸದಿಂದಲೇ ನಡೆಯುತ್ತಿದೆ. ನಮ್ಮ ಕಲ್ಯಾಣ ನಾಡಿನ ಶರಣರ ವಚನಗಳನ್ನು ಪದ ಕೊಟ್ಟು ಹುಡುಕಬಹುದಾದ ‘ವಚನ ಸಂಚಯ’ವೂ ಸ್ವಯಂಸೇವಕರ ಕೂಟವೊಂದು ಕಟ್ಟಿದ್ದೇ.

ಬಾವಿ ತೋಡಿಸಿದವರು ಹೋದ ಮೇಲೂ ನೀರು ಸೇದುವವರು ಇರುತ್ತಾರೆ. ಸದಕಾ ಜಾರಿಯಾ ಎಂದರೇನೆಂದು ಬಲ್ಲ ನಮ್ಮ ದಾನಿಗಳಿಗೆ ಈ ಕೆಲಸದ ಸ್ವಭಾವವನ್ನು ಹೆಚ್ಚು ವಿವರಿಸಬೇಕಿಲ್ಲ.

ಮೊದಲು ಚಿಂದಿ ಬಟ್ಟೆ, ಆಮೇಲೆ ಅಂಗಿ

ಟೈಲರ್ ಅಂಗಡಿಗೆ ಸೇರಿದ ಹುಡುಗನಿಗೆ ಉಸ್ತಾದರು ಮೊದಲ ದಿನವೇ ಗಿರಾಕಿಯ ಬಟ್ಟೆ ಕೊಡುವುದಿಲ್ಲ. ಚಿಂದಿ ಬಟ್ಟೆಯ ಮೇಲೆ ನೇರ ಹೊಲಿಗೆ ಹಾಕಿಸುತ್ತಾರೆ. ಆಮೇಲೆ ಕಾಜಾ, ಗುಂಡಿ. ಕೈ ಕುದುರಿದ ಮೇಲೆ ಅಂಗಿ. ಓಪನ್ ಸೋರ್ಸ್‌ಗೂ ಇದೇ ಕ್ರಮ. ನೇರವಾಗಿ ದೊಡ್ಡ ಯೋಜನೆಯ ಕೋಡ್ ತೆರೆದವರಿಗೆ ಸಾವಿರಾರು ಕಡತಗಳು ಕಾಣುತ್ತವೆ, ಹೆದರಿಕೆಯಾಗುತ್ತದೆ, ಮುಚ್ಚಿಬಿಡುತ್ತಾರೆ. ಅದಕ್ಕೇ ಮೊದಲು ಫ್ರಂಟ್-ಎಂಡ್ ಸವಾಲುಗಳು.

ಫ್ರಂಟ್-ಎಂಡ್ ಎಂದರೆ ನಮ್ಮ ಕಣ್ಣಿಗೆ ಕಾಣುವ ಭಾಗ: ಪುಟದ ಅಕ್ಷರ, ಬಣ್ಣ, ಚಿತ್ರ, ಗುಂಡಿ, ಅರ್ಜಿ ನಮೂನೆ. ಎಚ್‌ಟಿಎಂಎಲ್ ಪುಟದ ಅಸ್ಥಿಪಂಜರ, ಸಿಎಸ್‌ಎಸ್ ಅದರ ರೂಪ, ಜಾವಾಸ್ಕ್ರಿಪ್ಟ್ ಅದರ ಚಲನೆ. ಇದನ್ನೇ ಮೊದಲು ಕಲಿಯಿರಿ ಎನ್ನಲು ಎರಡು ಕಾರಣಗಳಿವೆ. ಒಂದು, ಬ್ರೌಸರ್ ಮತ್ತು ಅಕ್ಷರ ಬರೆಯುವ ಒಂದು ಎಡಿಟರ್ ಇದ್ದರೆ ಸಾಕು, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಎರಡು, ತಪ್ಪು ಕಣ್ಣಿಗೇ ಕಾಣುತ್ತದೆ. ಗುಂಡಿ ಓರೆಯಾದರೆ ಯಾರೂ ಹೇಳಬೇಕಿಲ್ಲ.

ಸವಾಲು ಎಂದರೆ ಒಂದು ಪುಟದ ಚಿತ್ರ ಕೊಟ್ಟು ‘ಇದನ್ನು ಹೀಗೆಯೇ ಕಟ್ಟಿ’ ಎನ್ನುವುದು. ಫ್ರಂಟ್‌ಎಂಡ್ ಮೆಂಟರ್‌ನಲ್ಲಿ ಇಂಥ ಹಲವು ಸವಾಲುಗಳು ಉಚಿತವಾಗಿವೆ. ಹೊಸಬರು ಅಲ್ಲಿ ಕ್ಯೂಆರ್ ಕೋಡ್ ಇರುವ ಒಂದು ಚಿಕ್ಕ ಚೌಕದಿಂದ ಶುರು ಮಾಡಬಹುದು. 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅದರ ಪಾಠಗಳು ಪೂರ್ತಿ ಉಚಿತ, ಅದರ ಕೋಡ್ ಕೂಡ ಓಪನ್ ಸೋರ್ಸ್. ಅಂದರೆ ಅಲ್ಲಿ ಕಲಿತವರು ಮುಂದೆ ಅದೇ ಶಾಲೆಯ ಗೋಡೆಗೆ ಒಂದು ಇಟ್ಟಿಗೆ ಇಡಬಹುದು.

ಒಂದು ಸವಾಲನ್ನು ಕೈಗೆತ್ತಿಕೊಳ್ಳೋಣ

ನಮ್ಮ ವಿದ್ಯಾರ್ಥಿವೇತನ ಪ್ರಕಟಣೆಯನ್ನೇ ಸವಾಲಾಗಿ ತೆಗೆದುಕೊಳ್ಳಿ. ಒಂದು ಕಾರ್ಡ್: ಬದಿಯಲ್ಲಿ ಚಿಕ್ಕ ಚಿತ್ರ, ಮೇಲೆ ಶೀರ್ಷಿಕೆ, ನಡುವೆ ಮೂರು ಸಾಲು ವಿವರ, ಕೆಳಗೆ ‘ಅರ್ಜಿ ಸಲ್ಲಿಸಿ’ ಎಂಬ ಗುಂಡಿ. ಮೊದಲು ಇಂಗ್ಲಿಷ್ ಪದಗಳನ್ನು ಹಾಕಿ ಕಟ್ಟಿ. ಫೋನಿನ ಅಗಲದಲ್ಲಿ ನೋಡಿ, ಲ್ಯಾಪ್‌ಟಾಪ್ ಅಗಲದಲ್ಲಿ ನೋಡಿ. ಸಲೀಸಾಗಿ ಕೂರುತ್ತದೆ. ಹೆಚ್ಚಿನವರು ಇಲ್ಲಿಗೆ ‘ಮುಗಿಯಿತು’ ಎನ್ನುತ್ತಾರೆ.

ಈಗ ಇಂಗ್ಲಿಷ್ ತೆಗೆದು ಕನ್ನಡ ಹಾಕಿ. ಮೂರು ತೊಂದರೆಗಳು ಹೊರಬರುತ್ತವೆ.

ಮೊದಲನೆಯದು ಒತ್ತಕ್ಷರ. ‘ವಿದ್ಯಾರ್ಥಿ’ ಪದದಲ್ಲಿ ದಕಾರದ ಕೆಳಗೆ ಯಕಾರದ ಒತ್ತು ಇಳಿಯುತ್ತದೆ. ಇಂಗ್ಲಿಷ್‌ಗೆಂದು ಸಾಲುಗಳ ನಡುವಿನ ಅಂತರವನ್ನು ಬಿಗಿಯಾಗಿ ಇಟ್ಟಿದ್ದರೆ ಈ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಇಲ್ಲವೇ ಅರ್ಧ ಕತ್ತರಿಸಿಹೋಗುತ್ತದೆ. ಸಿಎಸ್‌ಎಸ್‌ನಲ್ಲಿ ಲೈನ್-ಹೈಟ್ ಎಂಬ ಬೆಲೆಯನ್ನು 1.2ರಿಂದ 1.6ರ ಆಸುಪಾಸಿಗೆ ಏರಿಸಿ ನೋಡಿ, ಅಕ್ಷರಗಳು ಉಸಿರಾಡುತ್ತವೆ.

ಎರಡನೆಯದು ಪದದ ಉದ್ದ. ಕನ್ನಡದಲ್ಲಿ ಪದಗಳು ಪ್ರತ್ಯಯ ಸೇರಿಸಿಕೊಂಡು ಬೆಳೆಯುತ್ತವೆ. ‘ವಿದ್ಯಾರ್ಥಿವೇತನಕ್ಕಾಗಿ’ ಎಂಬುದು ಒಂದೇ ಪದ. ದೊಡ್ಡ ಅಕ್ಷರದ ಶೀರ್ಷಿಕೆಯಲ್ಲಿ, ಚಿಕ್ಕ ಫೋನಿನಲ್ಲಿ, ಅದು ಕಾರ್ಡಿನ ಅಂಚು ದಾಟಿ ಹೊರಗೆ ಚಾಚುತ್ತದೆ. ಓವರ್‌ಫ್ಲೋ-ರ‍್ಯಾಪ್ ಎಂಬ ಸೂಚನೆ ಕೊಟ್ಟರೆ ಪದ ಮುರಿದು ಕೆಳಗಿನ ಸಾಲಿಗೆ ಬರುತ್ತದೆ. ಶೀರ್ಷಿಕೆಯ ಅಕ್ಷರವನ್ನು ಸ್ವಲ್ಪ ಚಿಕ್ಕದು ಮಾಡುವುದು ಇನ್ನೂ ಒಳ್ಳೆಯದು.

ಮೂರನೆಯದು ಗುಂಡಿ. ಅದಕ್ಕೆ ಅಗಲ, ಎತ್ತರ ಎರಡನ್ನೂ ಅಳತೆ ಕೊಟ್ಟು ಕಟ್ಟಿಹಾಕಿದ್ದರೆ ಕನ್ನಡ ಪದ ಒಳಗೆ ಹಿಡಿಸುವುದಿಲ್ಲ. ಅಳತೆ ಬಿಟ್ಟು, ಪದದ ಸುತ್ತ ಜಾಗ ಕೊಡುವ ಪ್ಯಾಡಿಂಗ್ ಬಳಸಿದರೆ ಯಾವ ಭಾಷೆ ಬಂದರೂ ಗುಂಡಿ ತಾನೇ ಹಿಗ್ಗುತ್ತದೆ.

ಇನ್ನು ಉರ್ದು ಹಾಕಿ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ಪುಟಕ್ಕೆ ಅದನ್ನು ಹೇಳಲು ‘ಡಿರ್’ ಎಂಬ ಗುಣಕ್ಕೆ ‘ಆರ್‌ಟಿಎಲ್’ ಎಂಬ ಬೆಲೆ ಕೊಡಬೇಕು. ಕೊಟ್ಟ ತಕ್ಷಣ ಎಡಗಡೆ ಇದ್ದ ಚಿತ್ರ ಬಲಕ್ಕೆ ಹೋಗುತ್ತದೆ. ಆದರೆ ‘ಎಡಗಡೆ ಇಷ್ಟು ಜಾಗ ಬಿಡು’ ಎಂದು ನಾವು ಬರೆದದ್ದು ಎಡಗಡೆಯೇ ಉಳಿಯುತ್ತದೆ, ಚಿತ್ರಕ್ಕೂ ಅಕ್ಷರಕ್ಕೂ ನಡುವೆ ಜಾಗವಿರುವುದಿಲ್ಲ. ಎಡ, ಬಲ ಎನ್ನುವ ಬದಲು ‘ಸಾಲಿನ ಆರಂಭ’, ‘ಸಾಲಿನ ಕೊನೆ’ ಎಂದು ಹೇಳುವ ಮಾರ್ಜಿನ್-ಇನ್‌ಲೈನ್-ಸ್ಟಾರ್ಟ್‌ನಂಥ ಗುಣಗಳನ್ನು ಬಳಸಿದರೆ ಒಂದೇ ಕೋಡ್ ಎರಡೂ ಭಾಷೆಗೆ ಸರಿಹೋಗುತ್ತದೆ. ನಸ್ತಾಲೀಕ್ ಅಕ್ಷರ ಓರೆಯಾಗಿ ಇಳಿಯುವುದರಿಂದ ಅದಕ್ಕೆ ಸಾಲಿನ ಅಂತರ ಕನ್ನಡಕ್ಕಿಂತ ಹೆಚ್ಚು ಬೇಕು. ನೋಟೊ ಸರಣಿಯಲ್ಲಿ ಕನ್ನಡಕ್ಕೂ ಉರ್ದು ನಸ್ತಾಲೀಕ್‌ಗೂ ಉಚಿತ, ಓಪನ್ ಸೋರ್ಸ್ ಅಕ್ಷರ ಶೈಲಿಗಳಿವೆ.

ಕೊನೆಯದಾಗಿ, ಪುಟ ಯಾವ ಭಾಷೆಯಲ್ಲಿದೆ ಎಂಬುದನ್ನು ‘ಲ್ಯಾಂಗ್’ ಎಂಬ ಗುಣದಲ್ಲಿ ಬರೆಯಬೇಕು. ಕನ್ನಡಕ್ಕೆ ‘ಕೆಎನ್’, ಉರ್ದುವಿಗೆ ‘ಯುಆರ್’. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸಾಧನ ಈ ಗುರುತನ್ನು ನೋಡಿಯೇ ದನಿಯನ್ನು ಆರಿಸಿಕೊಳ್ಳುತ್ತದೆ. ಚಿತ್ರಕ್ಕೆ ವಿವರಣೆ ಬರೆಯಿರಿ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಲಿ, ಇದು ಅಂತರರಾಷ್ಟ್ರೀಯವಾಗಿ ಒಪ್ಪಿದ ಮಾನದಂಡ. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನ್ ನೋಡುವ ಅಜ್ಜನಿಗೂ ಇದರಿಂದ ಉಪಕಾರ.

ನಮ್ಮ ಭಾಷೆಗಳೇ ನಮ್ಮ ಬಂಡವಾಳ

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಇಂಗ್ಲಿಷ್ ಕಾರ್ಡ್ ಕಟ್ಟಬಲ್ಲವರು ಜಗತ್ತಿನಲ್ಲಿ ಲಕ್ಷಾಂತರ ಜನ. ಆದರೆ ಒತ್ತು ಕತ್ತರಿಸಿಹೋಗಿದೆ ಎಂದು ಕಣ್ಣಲ್ಲೇ ಗುರುತಿಸುವವರು, ಉರ್ದು ಸಾಲು ತಿರುಗಿ ನಿಂತಿದೆ ಎಂದು ಹೇಳಬಲ್ಲವರು, ಇವೆರಡನ್ನೂ ಒಟ್ಟಿಗೆ ಬಲ್ಲವರು ಬಹಳ ಕಡಿಮೆ. ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಆಡುವ ಕಲಬುರಗಿಯ ಮಗುವಿಗೆ ಇದು ಹುಟ್ಟಿನಿಂದ ಬಂದ ಆಸ್ತಿ. ‘ನಮ್ಮ ಇಂಗ್ಲಿಷ್ ಚೆನ್ನಾಗಿಲ್ಲ’ ಎಂದು ಹಿಂಜರಿಯುವ ಮಕ್ಕಳಿಗೆ ನಾವು ಹೇಳುವುದು ಇದನ್ನೇ: ನಿಮಗೆ ಬರುವ ಭಾಷೆಗಳಲ್ಲಿಯೇ ಮಾಡಬೇಕಾದ ಕೆಲಸ ರಾಶಿ ಬಿದ್ದಿದೆ.

ಗಿಟ್ ಕಲಿಯುವ ಮೊದಲೇ ಅದನ್ನು ಶುರು ಮಾಡಬಹುದು. ಫೈರ್‌ಫಾಕ್ಸ್ ಬ್ರೌಸರ್‌ನ ಪದಗಳನ್ನು ಮೊಜಿಲ್ಲಾದ ಪಾಂಟೂನ್ ಎಂಬ ತಾಣದಲ್ಲಿ ಕನ್ನಡಕ್ಕೆ, ಉರ್ದುವಿಗೆ ಅನುವಾದಿಸಿ ಸೂಚಿಸಬಹುದು, ಹಿರಿಯರು ಪರಿಶೀಲಿಸಿ ಒಪ್ಪುತ್ತಾರೆ. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶದ ಪದಗಳನ್ನು ಟ್ರಾನ್ಸ್‌ಲೇಟ್‌ವಿಕಿ ಎಂಬಲ್ಲಿ ಅನುವಾದಿಸುತ್ತಾರೆ. ವಾರಕ್ಕೆ ಹತ್ತು ಸಾಲು ಮಾಡಿದರೂ ಅದು ಹೆಸರಿನ ಸಮೇತ ದಾಖಲಾಗುವ ಕೆಲಸ.

ಸವಾಲಿನಿಂದ ಕೊಡುಗೆಗೆ: ಆರು ಹೆಜ್ಜೆ

ಇಂಥ ನಾಲ್ಕೈದು ಸವಾಲುಗಳನ್ನು ಪೂರ್ತಿ ಮುಗಿಸಿ, ಗಿಟ್‌ಹಬ್‌ನಲ್ಲಿಟ್ಟ ಮೇಲೆ ಮುಂದಕ್ಕೆ ಹೋಗಿ. ಅರ್ಧಕ್ಕೆ ಬಿಟ್ಟ ಇಪ್ಪತ್ತಕ್ಕಿಂತ ಮುಗಿಸಿದ ನಾಲ್ಕು ಮೇಲು.

1. ನೀವೇ ಬಳಸುವ ಯೋಜನೆಯೊಂದನ್ನು ಆರಿಸಿ. ಅದರ ರೀಡ್‌ಮಿ ಮತ್ತು ಕಾಂಟ್ರಿಬ್ಯೂಟಿಂಗ್ ಎಂಬ ಕಡತಗಳನ್ನು ಪೂರ್ತಿ ಓದಿ. ಕೊಡುಗೆ ಹೇಗಿರಬೇಕು ಎಂದು ಅಲ್ಲಿ ಬರೆದಿರುತ್ತದೆ.

2. ಇಶ್ಯೂ ಪಟ್ಟಿ ನೋಡಿ. ಅಲ್ಲಿ ಬಗೆಹರಿಯಬೇಕಾದ ತೊಂದರೆಗಳಿರುತ್ತವೆ. ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸಿದ್ದು ಹೊಸಬರಿಗೆಂದೇ ಇಟ್ಟದ್ದು. ಬೇರೆಯವರು ಅದನ್ನು ಹಿಡಿದಿದ್ದಾರೆಯೇ ನೋಡಿ, ಇಲ್ಲದಿದ್ದರೆ ‘ನಾನು ಮಾಡಲೇ?’ ಎಂದು ಕೇಳಿ.

3. ನಿಮಗೇ ತೊಂದರೆ ಕಂಡಿದ್ದರೆ ಇಶ್ಯೂ ಬರೆಯಿರಿ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಸಾಲು, ಯಾವ ಫೋನು, ಯಾವ ಬ್ರೌಸರ್, ಒಂದು ಸ್ಕ್ರೀನ್‌ಶಾಟ್. ಇಷ್ಟು ಬರೆಯುವುದೂ ಒಂದು ಕೊಡುಗೆಯೇ.

4. ಯೋಜನೆಯ ಪ್ರತಿಯೊಂದನ್ನು ನಿಮ್ಮ ಖಾತೆಗೆ ತೆಗೆದುಕೊಳ್ಳಿ, ಇದಕ್ಕೆ ಫೋರ್ಕ್ ಎನ್ನುತ್ತಾರೆ. ಅದರಲ್ಲಿ ಹೊಸ ಬ್ರಾಂಚ್ ಮಾಡಿ, ಒಂದೇ ಒಂದು ತೊಂದರೆಯನ್ನು ಸರಿಪಡಿಸಿ. ದಾರಿಯಲ್ಲಿ ಕಂಡದ್ದನ್ನೆಲ್ಲ ತಿದ್ದಬೇಡಿ.

5. ಏನು ಬದಲಿಸಿದಿರಿ, ಯಾಕೆ ಎಂದು ಬರೆದು, ಮೊದಲಿನ ಮತ್ತು ಈಗಿನ ಸ್ಕ್ರೀನ್‌ಶಾಟ್ ಇಟ್ಟು, ಪುಲ್ ರಿಕ್ವೆಸ್ಟ್ ಕಳುಹಿಸಿ. ‘ನನ್ನ ತಿದ್ದುಪಡಿಯನ್ನು ಸೇರಿಸಿಕೊಳ್ಳಿ’ ಎಂಬ ವಿನಂತಿ ಅದು.

6. ಕಾಯಿರಿ. ಪರಿಶೀಲಿಸುವವರಲ್ಲಿ ಅನೇಕರು ತಮ್ಮ ಬಿಡುವಿನ ವೇಳೆ ಕೊಡುವವರು. ‘ಇದನ್ನು ಬದಲಿಸಿ’ ಎಂದು ಬರೆದರೆ ಬೇಸರ ಪಡಬೇಡಿ. ದುಡ್ಡು ಕೊಟ್ಟರೂ ಸಿಗದ ಉಸ್ತಾದರು ನಿಮ್ಮ ಕೋಡ್ ಓದಿದ್ದಾರೆ ಎಂದು ತಿಳಿಯಿರಿ. ಈ ತಿದ್ದುವಿಕೆಯೇ ಇಡೀ ದಾರಿಯಲ್ಲಿ ಅತಿ ದೊಡ್ಡ ಲಾಭ.

ಅದಬ್ ಮರೆಯಬಾರದು

ಡಿಜಿಟಲ್ ಓಷನ್ ಎಂಬ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತ ಬಂತು. ಕೊಡುಗೆ ಕೊಟ್ಟವರಿಗೆ ಟಿ-ಶರ್ಟ್ ಸಿಗುತ್ತಿತ್ತು. 2020ರಲ್ಲಿ ಆ ಟಿ-ಶರ್ಟಿಗಾಗಿ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳ ಮಳೆಯೇ ಸುರಿಯಿತು. ಕೊನೆಗೆ, ಒಪ್ಪಿಗೆ ಕೊಟ್ಟ ಯೋಜನೆಗಳು ಮಾತ್ರ ಲೆಕ್ಕಕ್ಕೆ ಎಂದು ನಿಯಮವನ್ನೇ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಯೋಜನೆಗೆ ಇಂಥದೇ ಕಾಟ. ಪಾಠದ ವಿಡಿಯೊ ಒಂದನ್ನು ನೋಡಿದ ನಮ್ಮ ದೇಶದ ಬಹಳ ವಿದ್ಯಾರ್ಥಿಗಳು ಅದರ ರೀಡ್‌ಮಿ ಕಡತಕ್ಕೆ ತಮ್ಮ ಹೆಸರನ್ನಷ್ಟೇ ಸೇರಿಸಿ ಕಳುಹಿಸಿದರು. ಅಭ್ಯಾಸಕ್ಕೆಂದು ಮಾಡಿದ್ದು ಮತ್ತೊಬ್ಬರ ಮನೆಯಂಗಳದಲ್ಲಿ ಕಸವಾಗಿ ಬಿತ್ತು.

ಆದ್ದರಿಂದ ಅಭ್ಯಾಸ ನಿಮ್ಮ ಸ್ವಂತ ಪುಟದಲ್ಲಿರಲಿ. ಮತ್ತೊಬ್ಬರ ಬಾಗಿಲು ತಟ್ಟುವಾಗ ಅವರಿಗೆ ಬೇಕಾದದ್ದು ಕೈಯಲ್ಲಿರಲಿ. ಎಐ ಸಾಧನ ಬರೆದುಕೊಟ್ಟ ಕೋಡ್‌ಗೂ ಇದೇ ಮಾತು ಅನ್ವಯ. ಯಾವ ಸಾಲು ಯಾಕಿದೆ ಎಂದು ನಿಮಗೆ ಹೇಳಲು ಬಾರದಿದ್ದರೆ ಅದನ್ನು ಕಳುಹಿಸಬೇಡಿ.

ಮುಂದಿನ ಮೆಟ್ಟಿಲು

2005ರಿಂದ ಗೂಗಲ್ ನಡೆಸುತ್ತಿರುವ ‘ಸಮ್ಮರ್ ಆಫ್ ಕೋಡ್’ 18 ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದವರಿಗೆ ಮಾರ್ಗದರ್ಶಕರ ಜೊತೆ ಕೆಲಸ ಮಾಡುವ ಅವಕಾಶವನ್ನೂ ಸಹಾಯಧನವನ್ನೂ ಕೊಡುತ್ತದೆ. ಔಟ್‌ರೀಚಿ ಎಂಬ ಕಾರ್ಯಕ್ರಮ ತಂತ್ರಜ್ಞಾನದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯದವರಿಗೆಂದೇ ಇರುವ, ಸಂಬಳ ಸಹಿತ ಇಂಟರ್ನ್‌ಶಿಪ್. ಎರಡೂ ಮನೆಯಿಂದಲೇ ಮಾಡುವಂಥವು. ಊರು ಬಿಟ್ಟು ಹಾಸ್ಟೆಲ್ ಸೇರಲು ಮನೆಯಲ್ಲಿ ಒಪ್ಪಿಗೆ ಸಿಗದ ನಮ್ಮ ಹೆಣ್ಣುಮಕ್ಕಳಿಗೆ ಇದು ದೊಡ್ಡ ಬಾಗಿಲು. ಸ್ಪರ್ಧೆ ಕಠಿಣ, ಎಲ್ಲರಿಗೂ ಸಿಗುವುದಿಲ್ಲ. ಆದರೆ ಅರ್ಜಿ ಹಾಕುವವರು ಮೊದಲೇ ಚಿಕ್ಕ ಕೊಡುಗೆ ಕೊಟ್ಟಿರುವುದನ್ನು ಔಟ್‌ರೀಚಿ ಕೇಳುತ್ತದೆ, ಸಮ್ಮರ್ ಆಫ್ ಕೋಡ್‌ನಲ್ಲೂ ಅದಕ್ಕೆ ಬೆಲೆಯಿದೆ. ಮೇಲಿನ ಆರು ಹೆಜ್ಜೆ ಅಲ್ಲಿಗೂ ಸಿದ್ಧತೆ. ಎರಡಕ್ಕೂ ಅರ್ಜಿ ಶುಲ್ಕ ಇಲ್ಲ. ಇವುಗಳ ಹೆಸರು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಮನೆಯವರಲ್ಲಿ, ದಾನಿಗಳಲ್ಲಿ ಒಂದು ಮಾತು

ತಂದೆ ತಾಯಂದಿರಲ್ಲಿ ನಾವು ಕೇಳುವುದು ಎರಡನ್ನು. ಮಗ ಅಥವಾ ಮಗಳಿಗೆ ದಿನಕ್ಕೆ ಒಂದು ಗಂಟೆ ಯಾರೂ ಕರೆಯದ ಸಮಯ ಕೊಡಿ. ಹೆಣ್ಣುಮಗಳಾದರೆ ಆ ಗಂಟೆ ಅಡುಗೆಮನೆಯ ಕೆಲಸಕ್ಕೆ ಸಿಕ್ಕಿಕೊಳ್ಳದಿರಲಿ. ಮತ್ತೆ, ಮೊದಲ ವರ್ಷ ‘ಇದರಿಂದ ಎಷ್ಟು ಬಂತು?’ ಎಂದು ಕೇಳಬೇಡಿ. ಅದರ ಬದಲು ‘ಈ ವಾರ ಏನು ಮುಗಿಸಿದೆ, ತೋರಿಸು’ ಎಂದು ಕೇಳಿ. ಕೋಡ್ ಅರ್ಥವಾಗಬೇಕಿಲ್ಲ. ಪುಟ ತೆರೆದು ತೋರಿಸಿದರೆ ಕನ್ನಡ ಅಕ್ಷರ ಸರಿಯಾಗಿದೆಯೇ, ಉರ್ದು ಸಾಲು ಸರಿಯಾಗಿದೆಯೇ ಎಂದು ಅಮ್ಮಿಯೂ ಹೇಳಬಲ್ಲರು. ಮೊದಲ ಪರೀಕ್ಷಕರು ನೀವೇ.

ದಾನಿಗಳಿಗೆ ತಿಳಿಸಬೇಕಾದದ್ದು: ಶುಲ್ಕ ಕಟ್ಟಿದರೆ ಓದು ನಡೆಯುತ್ತದೆ, ಕೈಗೆ ಕೆಲಸ ಬರಲು ಸಾಧನ ಬೇಕು. ಫೋನಿನಲ್ಲಿ ಪಾಠ ನೋಡಬಹುದು, ಪುಟ ಕಟ್ಟುವುದು ಕಷ್ಟ. ನೀವು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ಅದು ಫ್ರಂಟ್-ಎಂಡ್ ಅಭ್ಯಾಸಕ್ಕೆ ಮತ್ತೆ ಕೆಲವು ವರ್ಷ ಬರುತ್ತದೆ. ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು ತಿಂಗಳಿಗೆ ಒಂದು ಭಾನುವಾರ ಒಬ್ಬ ವಿದ್ಯಾರ್ಥಿಯ ಕೋಡ್ ಓದಿ ನಾಲ್ಕು ಮಾತು ಬರೆದರೆ ಅದೂ ದಾನವೇ.

ವಿದ್ಯಾರ್ಥಿ ವೇತನ ಅರ್ಜಿದಾರರ ಗಮನಕ್ಕೆ

ಕಂಪ್ಯೂಟರ್ ವಿಷಯ ಓದುತ್ತಿರುವವರು ಈ ಸಲದ ಅರ್ಜಿಯ ಜೊತೆ ಕೆಳಗಿನವುಗಳಲ್ಲಿ ಯಾವುದಾದರೂ ಒಂದನ್ನು ಸೇರಿಸಬಹುದು: ಪೂರ್ತಿ ಮುಗಿಸಿದ ಒಂದು ಸವಾಲಿನ ಕೊಂಡಿ, ಕನ್ನಡ ಅಥವಾ ಉರ್ದುವಿನಲ್ಲಿ ಕಟ್ಟಿದ ಒಂದು ಪುಟ, ಬರೆದ ಒಂದು ಇಶ್ಯೂ, ಅಥವಾ ಕಳುಹಿಸಿದ ಒಂದು ಪುಲ್ ರಿಕ್ವೆಸ್ಟ್. ಅದು ಸ್ವೀಕಾರವಾಗಿರಲೇಬೇಕೆಂದಿಲ್ಲ, ಪರಿಶೀಲಕರು ಏನು ಹೇಳಿದರು, ಅದರಿಂದ ಏನು ಕಲಿತಿರಿ ಎಂದು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. ಇದು ಕಡ್ಡಾಯವಲ್ಲ, ಇದಿಲ್ಲದ ಕಾರಣಕ್ಕೆ ಯಾರ ಅರ್ಜಿಯನ್ನೂ ಬದಿಗಿಡುವುದಿಲ್ಲ. ಲ್ಯಾಪ್‌ಟಾಪ್ ಇಲ್ಲದವರು ಅರ್ಜಿಯಲ್ಲಿ ಅದನ್ನು ಬರೆಯಿರಿ. ಊರಿನ ಅರಿವು ಕೇಂದ್ರದಲ್ಲಿ ಅಥವಾ ಕಾಲೇಜಿನ ಲ್ಯಾಬ್‌ನಲ್ಲಿ ಕಂಪ್ಯೂಟರ್ ಸಿಗುವುದಾದರೆ ಅಷ್ಟರಲ್ಲಿ ಅಲ್ಲಿಯೇ ಶುರು ಮಾಡಿ. ಮೊದಲ ಸವಾಲಿಗೆ ನಿಮ್ಮ ಬೀದಿಯ ಕಿರಾಣಿ ಅಂಗಡಿಯ ದರಪಟ್ಟಿ ಸಾಕು. ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು ಕಟ್ಟಿ ನೋಡಿ.